ಪಕ್ಕಾಸುಗಳ ನಡುವೆ ಒಳಗಿನಿಂದ ಇನ್ಸುಲೇಷನ್: ಗಾಳಿ ಆಡದಂತೆ ಮುಚ್ಚಿದ್ರೆ ಮರ ಕುಂಬಾಗಲ್ವಾ?

ತುಂಗಾತೀರ | 9 ಮಾರ್ಚ್ 2024

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಹಳೇ ಮನೆ ಕೊಂಡು ಕೈಯಾರೆ ರಿಪೇರಿ ಮಾಡಿದ ಕನ್ನಡದವರು ಇಲ್ಲಿ ಕೆಲವರಾದ್ರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳ್ತಿದ್ದೀನಿ.

ನಮ್ಮದು 1959ರ ಮನೆ. ಶ್ವೇಬಿಷೆ ಆಲ್ಬ್ ಗುಡ್ಡದ ಮೇಲಿನ ಸಣ್ಣ ಊರು, ಚಳಿಗಾಲದಲ್ಲಿ ಮೈನಸ್ ಹತ್ತು ಹೊಸದಲ್ಲ. ಅಟ್ಟದಲ್ಲಿ ಎರಡು ಕೋಣೆ ಮಾಡಬೇಕು ಅಂತ ಆಸೆ. ಒಂದು ಮಗಳಿಗೆ, ಇನ್ನೊಂದು ಅಪ್ಪಯ್ಯ ಅಮ್ಮ ತೀರ್ಥಹಳ್ಳಿಯಿಂದ ಬಂದಾಗ ಇರೋಕೆ. ಹಿಂದಿನ ಮಾಲೀಕರು 2004ರಲ್ಲಿ ಹೊಸ ಹೆಂಚು ಹೊದಿಸಿದ್ದಾರೆ, ಅದರಡಿ ಬೂದು ಬಣ್ಣದ ಹಾಳೆ ಇದೆ. ಪಕ್ಕಾಸು 14 ಸೆಂಟಿಮೀಟರ್ ಆಳ, 8 ಅಗಲ. ಪಕ್ಕಾಸಿನಿಂದ ಪಕ್ಕಾಸಿಗೆ ಅಂತರ ಒಂದೇ ಸಮ ಇಲ್ಲ, ಒಂದು ಕಡೆ 62, ಇನ್ನೊಂದು ಕಡೆ 71. ಈಗ ಅದರಲ್ಲಿ 6 ಸೆಂಟಿಮೀಟರಿನ ಹಳದಿ ಉಣ್ಣೆ (ಕುರಿಯದ್ದಲ್ಲ, ಶಾಖ ತಡೆಯೋ ಖನಿಜ ನಾರು) ಇದೆ, ಮೇಲೆ ಅಲ್ಯೂಮಿನಿಯಂ ಕಾಗದ, ಅದರ ಮೇಲೆ ಪೈನ್ ಹಲಗೆಯ ಮುಚ್ಚಿಗೆ. ಕಾಗದ ಎಲ್ಲಾ ಕಡೆ ಹರಿದುಹೋಗಿದೆ. ಜನವರಿಯಲ್ಲಿ ಮುಚ್ಚಿಗೆ ಸಂದಿಗೆ ಕೈ ಹಿಡಿದ್ರೆ ಗಾಳಿ ಬೆರಳಿಗೆ ತಾಗುತ್ತಿತ್ತು.

ಒಬ್ಬ ಬಡಗಿ ಬಂದು ನೋಡಿ, ಒಳಗಡೆಯಿಂದ ಉಣ್ಣೆ ತುಂಬಿ, ಮೇಲೆ ಪೂರ್ತಿ ಹಾಳೆ ಹೊಡೆದು, ಎಲ್ಲಾ ಸಂದಿಗೆ ಟೇಪ್ ಹಾಕಿ ಗಾಳಿ ಹೋಗದ ಹಾಗೆ ಮಾಡಬೇಕು ಅಂದ್ರು. ಅಪ್ಪಯ್ಯನಿಗೆ ವಿಡಿಯೋದಲ್ಲಿ ತೋರಿಸಿದೆ. ಅವರು ಮೂವತ್ತು ವರ್ಷ ಮಳೆಗಾಲಕ್ಕೆ ಮುಂಚೆ ತಾವೇ ಏಣಿ ಹತ್ತಿ ಹೆಂಚು ಕೈಯಾಡಿಸಿದವರು. "ಗಾಳಿ ಆಡದ ಜಾಗದಲ್ಲಿ ಮರ ಇಟ್ರೆ ಕುಂಬಾಗುತ್ತೆ ಕಣೇ. ನಮ್ಮ ಮಾಡು ಎಂಬತ್ತು ವರ್ಷ ನಿಂತಿದ್ದು ಹೆಂಚಿನ ಸಂದಿಯಿಂದ ಹೊಗೆ ಹೋಗ್ತಿತ್ತು ಅಂತಲೇ" ಅಂದ್ರು. ಇಲ್ಲಿನ ಪಕ್ಕದ ಮನೆಯ ಅಜ್ಜನೂ ಅದನ್ನೇ ಹೇಳ್ತಾರೆ. ಇಬ್ಬರೂ ಮರ ಬಲ್ಲವರು. ಅವರ ಮಾತನ್ನ ತೆಗೆದುಹಾಕೋಕೆ ಮನಸ್ಸಿಲ್ಲ, ಹಾಗಂತ ಬಡಗಿ ಸುಳ್ಳು ಹೇಳ್ತಿದ್ದಾರೆ ಅಂತಲೂ ಅನ್ನಿಸ್ತಿಲ್ಲ.

ಇನ್ನೊಂದು ಸಮಸ್ಯೆ. ಎದುರುಬದುರು ಪಕ್ಕಾಸುಗಳನ್ನ ಕಟ್ಟಿರೋ ಅಡ್ಡತೊಲೆಗಳು ನೆಲದಿಂದ 2.35 ಮೀಟರ್ ಎತ್ತರದಲ್ಲಿವೆ, ಒಟ್ಟು ಒಂಬತ್ತು. ಹಳೇ ಮರ, ತುಂಬಾ ಚೆನ್ನಾಗಿವೆ. ಅವನ್ನ ಹಾಗೇ ಕಾಣೋ ಹಾಗೆ ಬಿಟ್ಟು ನೆತ್ತಿಯ ತನಕ ಕೋಣೆ ತೆರೆದಿಡಬೇಕು ಅಂತ ನನ್ನ ಆಸೆ. ಹಾಳೆ ಆ ತೊಲೆಗಳ ಸುತ್ತ ಹೇಗೆ ಬರುತ್ತೆ?

ಹಳೆಮನೆ_ಉಲ್ಮ್ | 9 ಮಾರ್ಚ್ 2024

ಮೊದಲು ಎರಡು ವಿಷಯ ನೋಡಿ ಹೇಳಿ. ಹೆಂಚಿನಡಿ ಇರೋ ಹಾಳೆಯ ಮೇಲೆ ಅಚ್ಚಾಗಿರೋ ಹೆಸರು ಓದಿ, ಅದು ಆವಿ ಬಿಡೋ ಹಾಳೆಯಾ ಅಂತ ಖಚಿತ ಮಾಡ್ಕೊಳ್ಳಿ. ಅದು ಹಳೇ ಕಾಲದ ಜಾಲರಿ ಪ್ಲಾಸ್ಟಿಕ್ ಅಥವಾ ಡಾಂಬರು ಹಾಳೆ ಆಗಿದ್ರೆ ಉಣ್ಣೆಯನ್ನ ಅದಕ್ಕೆ ತಾಗಿಸೋ ಹಾಗಿಲ್ಲ, ನಡುವೆ ಗಾಳಿಗೆ ಜಾಗ ಬಿಡಬೇಕು. ಆಗ 14ರಲ್ಲಿ ನಿಮಗೆ ಸಿಗೋದು 10 ಅಷ್ಟೇ.

ಎರಡನೇದು, ಆ ಹಳದಿ ಉಣ್ಣೆಯನ್ನ ಬರಿಗೈಯಲ್ಲಿ ಎಳೆದು ಹಾಕಬೇಡಿ. ಜರ್ಮನಿಯಲ್ಲಿ ಹಳೇ ಮಾದರಿಯ ಖನಿಜ ಉಣ್ಣೆ ನಿಷೇಧ ಆಗಿದ್ದು 2000ದ ಜೂನ್‌ನಲ್ಲಿ. ಅದಕ್ಕೂ ಮುಂಚಿನದನ್ನ ಶ್ವಾಸಕೋಶಕ್ಕೆ ಅಪಾಯ ಅಂತಲೇ ಲೆಕ್ಕ ಹಿಡೀತಾರೆ. ಎಫ್‌ಎಫ್‌ಪಿ2 ಮಾಸ್ಕ್, ಮೈ ಮುಚ್ಚೋ ಬಟ್ಟೆ, ಉಣ್ಣೆ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಹರಿಯದೆ ಸುತ್ತಿ ಅದಕ್ಕೆಂದೇ ಇರೋ ಚೀಲಕ್ಕೆ. ಆ ದಿನ ಮಗಳು ಮನೆಯಲ್ಲಿ ಇರೋದು ಬೇಡ.

ಕೋಟೇಶ್ವರದವ | 10 ಮಾರ್ಚ್ 2024

ಮೇಡಂ, ನಿಮ್ಮ ಅಪ್ಪಯ್ಯ ಹೇಳಿದ್ದು ಅವರ ಮಾಡಿಗೆ ನೂರಕ್ಕೆ ನೂರು ಸರಿ. ಆದರೆ ಇಲ್ಲಿನ ಮಾಡು ಬೇರೆ. ನಾನು ಇದನ್ನ ಕಲಿತದ್ದು ನನ್ನ ಮನೆಯ ಪಕ್ಕಾಸು ಹಾಳು ಮಾಡಿಕೊಂಡು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ನಾನು ಮ್ಯೂನಿಕ್ ಹೊರಗಿನ ನಮ್ಮ ಮನೆಯ ಅಟ್ಟ ಮಾಡಿದ್ದು 2016ರ ಬೇಸಿಗೆಯಲ್ಲಿ. ಅಜ್ಜ ಬಡಗಿ, ಕೈಕೆಲಸ ಗೊತ್ತಿತ್ತು. 16 ಸೆಂಟಿಮೀಟರ್ ಉಣ್ಣೆ ಅಂದವಾಗಿ ಕೂರಿಸಿದೆ. ಒಳಗಿನ ಹಾಳೆಯೂ ಹಾಕಿದೆ. ಆದರೆ ಅದನ್ನ ಪ್ಲಾಸ್ಟಿಕ್ ಕಾಗದದ ಹಾಗೆ ನೋಡಿದೆ ಮಾರಾಯ್ರೆ, ಅದೇ ತಪ್ಪಾದ್ದು. ಜೋಡಣೆಗೆ ಪಾರ್ಸೆಲ್ ಕಟ್ಟುವ ಕಂದು ಟೇಪ್ ಹಾಕಿದೆ. ಅಡ್ಡತೊಲೆ ಬಂದಲ್ಲಿ ಹಾಳೆಯನ್ನ ಕತ್ತರಿಸಿ ತೊಲೆಗೆ ಸ್ಟೇಪಲ್ ಹೊಡೆದೆ. ಇಟ್ಟಿಗೆ ಗೋಡೆ ಹತ್ತಿರ ಮಡಚಿ ಒಳಗೆ ತುರುಕಿದೆ. ಮೇಲೆ ಜಿಪ್ಸಮ್ ಬೋರ್ಡ್ ಬಂತು, ಬಣ್ಣ ಬಂತು, ಎಲ್ಲ ಚೆಂದ ಕಂಡಿತು.

2017ರ ಫೆಬ್ರವರಿಯಲ್ಲಿ ಮೂರನೇ ಅಡ್ಡತೊಲೆಯ ಬುಡದಲ್ಲಿ ಬೋರ್ಡಿನ ಮೇಲೆ ಚಹಾ ಕಲೆಯಂಥ ಒಂದು ಕಲೆ ಕಂಡಿತು. ಹೊರಗೆ ಮಳೆಯೇ ಇಲ್ಲ, ಹೆಪ್ಪುಗಟ್ಟಿದ ಚಳಿ. ಹೆಂಚು ಒಡೆದಿರಬೇಕು ಅಂತ ಆಳು ಕರೆಸಿ ಹೊರಗೆ ನೋಡಿಸಿದರೆ ಒಂದು ಹೆಂಚೂ ಒಡೆದಿಲ್ಲ. ಕೊನೆಗೆ ಬೋರ್ಡ್ ಬಿಚ್ಚಿದೆ. ಮೊದಲು ಬಂದದ್ದು ವಾಸನೆ, ಮಳೆಗಾಲದಲ್ಲಿ ಕೊಟ್ಟಿಗೆ ಮೂಲೆಯಲ್ಲಿ ಬಿಟ್ಟ ಗೋಣಿಚೀಲದ ವಾಸನೆ. ಉಣ್ಣೆಯನ್ನ ಹಿಂಡಿದರೆ ಬೆರಳ ನಡುವೆ ನೀರು ಇಳಿಯಿತು. ಪಕ್ಕಾಸಿನ ಹೊರಮುಖದಲ್ಲಿ, ತಣ್ಣಗಿನ ಬದಿಯಲ್ಲಿ, ಅಂಗೈ ಅಗಲಕ್ಕೆ ಕಪ್ಪು ಬೂಸ್ಟು. ಉಗುರಿನಿಂದ ಒತ್ತಿದರೆ ಗುರುತು ಉಳಿಯುತ್ತಿತ್ತು. ಟೇಪ್ ಎಲ್ಲ ಸುರುಳಿ ಸುತ್ತಿ ಜೋತುಬಿದ್ದಿತ್ತು. ಅಲ್ಲಿಂದ ಒಂದು ಮೀಟರ್ ಆಚೆ, ಹಾಳೆ ತುಂಡಿಲ್ಲದೆ ಹೋದ ಜಾಗದಲ್ಲಿ ಮರ ಒಣಗಿ ಖಣಖಣ ಅನ್ನುತ್ತಿತ್ತು. ಒಂದೇ ಮರ, ಒಂದೇ ಉಣ್ಣೆ, ಒಂದೇ ಚಳಿ. ಕೊಳೆತದ್ದು ಗಾಳಿ ನುಗ್ಗಿದ ಜಾಗ, ಬಿಗಿಯಾಗಿ ಮುಚ್ಚಿದ ಜಾಗ ಅಲ್ಲ.

ಯಾಕೆ ಹೀಗೆ ಅಂದರೆ, 20 ಡಿಗ್ರಿ ಇರುವ ಕೋಣೆಯಲ್ಲಿ ತೇವಾಂಶ ಶೇಕಡಾ 50 ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 8.6 ಗ್ರಾಂ ನೀರಿರುತ್ತದೆ. ಮೈನಸ್ 10ರ ಗಾಳಿ ಹಿಡಿದಿಡಬಲ್ಲದ್ದು 2.4 ಗ್ರಾಂ ಮಾತ್ರ. ಬೆಚ್ಚಗಿನ ಗಾಳಿ ಸಂದಿಯಲ್ಲಿ ನುಸುಳಿ ಹೊರಗಿನ ಹಾಳೆಯ ತನಕ ಹೋಗುವಷ್ಟರಲ್ಲಿ ಉಳಿದ 6 ಗ್ರಾಂ ಎಲ್ಲಿಗೆ ಹೋಗಬೇಕು? ದಾರಿಯಲ್ಲೇ ಮರಕ್ಕೆ, ಉಣ್ಣೆಗೆ ಇಳಿಯುತ್ತದೆ. ನಮ್ಮೂರಲ್ಲಿ ಒಳಗೂ ಹೊರಗೂ ಸೆಖೆ ಒಂದೇ. ಮನೆ ಬೆಚ್ಚಗೆ ಮಾಡುವ ಕೆಲಸವೇ ಇಲ್ಲ, ಹೆಂಚಿನಡಿ ಉಣ್ಣೆಯೂ ಇಲ್ಲ. ಗಾಳಿ ಆಡಿದಷ್ಟೂ ಮರ ಒಣಗುತ್ತದೆ, ಒಲೆ ಹೊಗೆ ಹಿಡಿದು ಹುಳವೂ ಬರುವುದಿಲ್ಲ. ಇಲ್ಲಿ ಅದೇ ಗಾಳಿ ಮರಕ್ಕೆ ನೀರು ಹೊತ್ತು ತರುತ್ತದೆ.

ಸ್ಟುಟ್‌ಗಾರ್ಟ್‌ನ ಫ್ರೌನ್‌ಹೋಫರ್ ಕಟ್ಟಡ ಭೌತವಿಜ್ಞಾನ ಸಂಸ್ಥೆ ಇದನ್ನ 1989ರಲ್ಲೇ ಅಳೆದಿದೆ. 14 ಸೆಂಟಿಮೀಟರ್ ಉಣ್ಣೆ, ಒಳಗೆ 20, ಹೊರಗೆ ಮೈನಸ್ 10. ಒಂದು ಚದರ ಮೀಟರ್ ಹಾಳೆಯಲ್ಲಿ ಒಂದು ಮೀಟರ್ ಉದ್ದ, ಬರೇ ಒಂದು ಮಿಲಿಮೀಟರ್ ಅಗಲದ ಸೀಳು. ಹಾಳೆ ಸರಿ ಇದ್ದಾಗ ದಿನಕ್ಕೆ ಒಳಸೇರಿದ ತೇವ 0.5 ಗ್ರಾಂ, ಸೀಳು ಇದ್ದಾಗ 800 ಗ್ರಾಂ. ಶಾಖ ತಡೆಯುವ ಶಕ್ತಿಯೂ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯಿತು. ನನ್ನ ಮೂರನೇ ತೊಲೆಯ ಬುಡದಲ್ಲಿ ಇದ್ದದ್ದು ಅಂಥದ್ದೇ ಒಂದು ಸೀಳು.

ಈಗ ನಿಮ್ಮ ಅಡ್ಡತೊಲೆ. ಅವನ್ನ ಕಾಣುವ ಹಾಗೆ ಬಿಟ್ಟರೆ ಒಂಬತ್ತು ತೊಲೆ, ಹದಿನೆಂಟು ಕಡೆ ಹಾಳೆ ತೂತು. ತೊಲೆ ಸುತ್ತ ಟೇಪ್ ಸುತ್ತಬಹುದು, ಅದು ಹಿಡಿಯುತ್ತದೆ ಕೂಡ. ಆದರೆ ಅರುವತ್ತು ವರ್ಷದ ಮರಕ್ಕೆ ಉದ್ದಕ್ಕೆ ಬಿರುಕು ಇರುತ್ತದೆ, ಗಾಳಿ ಟೇಪಿನ ಅಡಿಯಲ್ಲಿ ಬಿರುಕಿನ ಒಳಗಿಂದಲೇ ಆಚೆ ದಾಟುತ್ತದೆ. ನಾನು ಎರಡನೇ ಸಲ ಮಾಡಿದಾಗ ಹಾಳೆಯನ್ನ ತೊಲೆಗಳ ಅಡಿಯಿಂದಲೇ ತಂದೆ. ಇಳಿಜಾರಿನಲ್ಲಿ ಏರಿ, ತೊಲೆಯ ಕೆಳಗೆ ಸಮತಟ್ಟಾಗಿ ಹೋಗಿ, ಆಚೆ ಇಳಿಜಾರಿಗೆ. ತೊಲೆ ಕಾಣುವುದಿಲ್ಲ, ಆದರೆ ತೂತೂ ಇಲ್ಲ. ನಿಮಗೆ ಬೇಜಾರಾಗಬಹುದು, ನನ್ನ ಸಲಹೆ ಮಾತ್ರ ಇದೇ.

ಕೆಲಸದ ಬಗ್ಗೆ ಸ್ವಲ್ಪ. ಉಣ್ಣೆಯನ್ನ ಸಂದಿಗಿಂತ ಒಂದು ಸೆಂಟಿಮೀಟರ್ ಅಗಲವಾಗಿ ಕತ್ತರಿಸಿ, ತಾನೇ ಒತ್ತಿ ಕೂರುತ್ತದೆ. ನಿಮ್ಮ ಅಂತರ ಒಂದೊಂದು ಕಡೆ ಒಂದೊಂದು, ಹಾಗಾಗಿ ಪ್ರತಿ ಸಂದಿಯನ್ನೂ ಮೇಲೆ, ನಡು, ಕೆಳಗೆ ಮೂರು ಕಡೆ ಅಳೆಯಿರಿ. ಹಾಳೆಯ ಜೋಡಣೆ 10 ಸೆಂಟಿಮೀಟರ್ ಮೇಲೆ ಮೇಲೆ ಬರಲಿ, ಅದಕ್ಕೆಂದೇ ಬರುವ ಅಕ್ರಿಲಿಕ್ ಟೇಪ್ ಹಾಕಿ, ಮೇಲಿಂದ ಪ್ಲಾಸ್ಟಿಕ್ ಪಟ್ಟಿಯಿಂದ ಬಲವಾಗಿ ಉಜ್ಜಿ. ಗೋಡೆ ಹತ್ತಿರ ಟೇಪ್ ಅಲ್ಲ, ಟ್ಯೂಬಿನ ಅಂಟು. ಅಲ್ಲಿ ಹಾಳೆಯನ್ನ ಎಳೆದು ಕಟ್ಟದೆ ಸ್ವಲ್ಪ ಸಡಿಲ ಬಿಡಿ, ಮರ ಅಲುಗಿದಾಗ ಕಿತ್ತು ಬರಬಾರದು. ಇನ್ನು ಬರಿ ಇಟ್ಟಿಗೆಗೆ ಅಂಟಿಸಿದರೆ ಗಾಳಿ ಇಟ್ಟಿಗೆ ಸಂದಿಯಿಂದ ಬರುತ್ತದೆ, ಮೊದಲು ಗಾರೆ ಮಾಡಿಸಿ. ಹಾಳೆಯ ಒಳಗಡೆ 6 ಸೆಂಟಿಮೀಟರ್ ರೀಪು ಹೊಡೆದು ವೈರು, ಸ್ವಿಚ್ ಡಬ್ಬಿ ಎಲ್ಲ ಆ ಜಾಗದಲ್ಲಿ ಓಡಿಸಿ, ಅಲ್ಲೂ ಉಣ್ಣೆ ತುಂಬಿ. ಹಾಳೆಗೆ ಒಂದು ಮೊಳೆಯೂ ಹೆಚ್ಚಿಗೆ ತಾಗಬಾರದು.

ಮಾಳಮಡ್ಡಿ | 11 ಮಾರ್ಚ್ 2024

ಮ್ಯಾಲಿನವರು ಬರದಿದ್ದಕ್ಕ ಒಂದೇ ತಿದ್ದುಪಡಿ ಅದರಿ. ನಾನು ಫ್ರೈಬುರ್ಗ್‌ನಾಗ ಎನರ್ಜಿ ಸಲಹಾ ಆಫೀಸಿನಾಗ ಕೆಲಸ ಮಾಡ್ತೀನಿ, ದಿನಾ ಇದೇ ಲೆಕ್ಕ.

ಹಾಳೆ ಒಳಗಡೆ 6 ಸೆಂಟಿಮೀಟರ್ ಉಣ್ಣೆ ತುಂಬಬ್ಯಾಡ್ರಿ, ನಿಮ್ಮ 14ರ ಪಕ್ಕಾಸಿಗೆ ಅದು ಜಾಸ್ತಿ ಆಗ್ತದ. ಹಾಳೆಗಿಂತ ಕೋಣೆ ಕಡೆ ಇರೋ ಉಣ್ಣಿ ಒಟ್ಟು ಶಾಖ ತಡೆಯ ಐದನೇ ಒಂದು ಪಾಲಿನೊಳಗ ಇರಬೇಕು. 14 ಮತ್ತು 6 ಅಂದ್ರ ಅದು ಹತ್ತಿರ ಹತ್ತಿರ ಮೂರನೇ ಒಂದು ಪಾಲು ಆಗ್ತದ. ಹಾಳೆ ತಣ್ಣಗಾಗಿ ಅದರ ಒಳಮುಖದಾಗೇ ನೀರು ಹನಿಯೋ ಅಪಾಯ. 20 ಡಿಗ್ರಿ, ಶೇಕಡಾ 50 ತೇವದ ಗಾಳಿ 9.3 ಡಿಗ್ರಿಗೆ ಇಬ್ಬನಿ ಬಿಡ್ತದ ಅನ್ನೋದು ನೆನಪಿರಲಿ.

ಬದಲಿಗೆ ಪಕ್ಕಾಸಿನ ಕೆಳಮುಖಕ್ಕ 6 ಗುಣಿಸು 8ರ ಮರದ ಪಟ್ಟಿ ಉದ್ದಕ್ಕೂ ಸ್ಕ್ರೂ ಹೊಡೀರಿ. ಆಳ 20 ಆತು. ಮರ ಸೊಟ್ಟ ಇದ್ರ ಇದೇ ಹೊತ್ತಿನಾಗ ಸಮಾ ಮಾಡಿಕೊಳ್ಳಬಹುದು. ಅದರಾಗ 20 ಸೆಂಟಿಮೀಟರ್ ಉಣ್ಣಿ, ಆಮ್ಯಾಲೆ ಹಾಳೆ, ಒಳಗ 4 ಸೆಂಟಿಮೀಟರಿನ ವೈರಿನ ಪದರ (ಅದರಾಗೂ ಉಣ್ಣಿ), ಆಮ್ಯಾಲೆ ಬೋರ್ಡ್. ಶಾಖ ಸಾಗಿಸೋ ಗುಣ 0.035 ಇರೋ ಉಣ್ಣಿ ಹಿಡಿದು, ಪಕ್ಕಾಸಿನ ಮರದ ಪಾಲೂ ಸೇರಿಸಿ ಲೆಕ್ಕ ಹಾಕಿದೆ. ಬರೇ 14 ತುಂಬಿದ್ರ ಯು-ವ್ಯಾಲ್ಯೂ (ಶಾಖ ಎಷ್ಟು ಹೊರಗ ಹೋಗ್ತದ ಅನ್ನೋ ಅಳತಿ, ಕಡಿಮಿ ಇದ್ದಷ್ಟೂ ಚಲೋ) 0.31 ಬರ್ತದ. 20 ಮತ್ತು 4 ಅಂದ್ರ 0.18. ಕಾನೂನು ಕೇಳೋದು 0.24, ಅದರಾಗ ಆರಾಮ ಪಾಸ್. ಸರ್ಕಾರದ ಸಹಾಯಧನ ಬೇಕಂದ್ರ ಮಾತ್ರ 0.14ಕ್ಕ ಇಳಿಸಬೇಕು. ಅದಕ್ಕ ಇದೇ ಉಣ್ಣಿ 30 ಸೆಂಟಿಮೀಟರ್ ದಾಟ್ತದ, ನಿಮ್ಮ ಕೋಣಿ ಸಣ್ಣದಾಗ್ತದ. ನನ್ನ ಕೇಳಿದ್ರ ಅದರ ಹಿಂದ ಬೀಳಬ್ಯಾಡ್ರಿ. ಬಿದ್ರ ಬಡಗಿ ಜೋಡಿ ಕರಾರು ಆಗೋಕ ಮುಂಚೆನ ಎನರ್ಜಿ ಸಲಹೆಗಾರರನ್ನ ಹಿಡಕೊಂಡು ಅರ್ಜಿ ತಯಾರಿ ಶುರು ಮಾಡ್ರಿ.

ಹಾಳೆ ಯಾವುದು ಅನ್ನೋದೂ ಮುಖ್ಯ. ಪೂರ್ತಿ ಆವಿ ತಡೆಯೋ ದಪ್ಪ ಪಾಲಿಥಿನ್ ಬ್ಯಾಡ. ಚಳಿಗಾಲದಾಗ ಬಿಗಿಯಾಗಿ, ಬ್ಯಾಸಿಗ್ಯಾಗ ಆವಿ ಬಿಟ್ಟು ಮರ ಒಳಗಡೆಗೂ ಒಣಗಾಕ ಅವಕಾಶ ಕೊಡೋ ಹಾಳೆ ಸಿಗ್ತಾವ, ಅದನ್ನ ತಗೋರಿ. ನಿಮ್ಮ ಅಪ್ಪಯ್ಯ ಹೇಳೋ 'ಉಸಿರಾಡೋದು' ಇಲ್ಲಿ ಬರ್ತದ ನೋಡ್ರಿ. ಆವಿ ಎರಡೂ ಕಡೆ ಮೆಲ್ಲಕ ಹೋಗಬೇಕು, ಗಾಳಿ ಮಾತ್ರ ಎಲ್ಲಿಯೂ ನುಗ್ಗಬಾರದು. ಅವೆರಡೂ ಬ್ಯಾರೆ ಬ್ಯಾರೆ ಅಂತ ಹಿರಿಯರಿಗೆ ಹೇಳ್ರಿ, ಅವರಿಗೆ ತಿಳೀತದ.

ಮಗಳ ಕೋಣಿ ಬ್ಯಾಸಿಗ್ಯಾಗ ಕಾಯ್ತದ ಅನ್ನೋ ಚಿಂತಿ ಇದ್ರ ಮರದ ನಾರಿನ ಹಾಸು ಚಲೋ, ಭಾರ ಜಾಸ್ತಿ, ಬಿಸಿ ತಡವಾಗಿ ಒಳಗ ಬರ್ತದ. ಆದ್ರ ಮಾಡಿನ ಕಿಟಕಿಗೆ ಹೊರಗಿನಿಂದ ಪರದೆ ಇಲ್ಲಂದ್ರ ಯಾವ ಉಣ್ಣಿನೂ ಉಪಯೋಗಕ್ಕಿಲ್ಲ. ಮೊದಲು ಅದಕ್ಕ ರೊಕ್ಕ ಹಾಕ್ರಿ.

ಮತ್ತ ಬೋರ್ಡ್ ಹೊಡಿಯೋಕ ಮುಂಚೆ ಬ್ಲೋವರ್ ಡೋರ್ ಪರೀಕ್ಷೆ (ಬಾಗಿಲಿಗೆ ಫ್ಯಾನ್ ಕಟ್ಟಿ ಗಾಳಿ ಎಲ್ಲಿ ಸೋರ್ತದ ಅಂತ ಹುಡುಕೋದು) ಮಾಡಸ್ರಿ. ಹೊಡದ ಮ್ಯಾಲೆ ಅಲ್ಲ.

ಕೋಟೇಶ್ವರದವ | 11 ಮಾರ್ಚ್ 2024

ಮಾಳಮಡ್ಡಿಯವರು ಹೇಳಿದ್ದು ಸರಿ, 6 ಅಂತ ನಾನು ಬರೆದದ್ದು ನನ್ನ ಮನೆಯ ಲೆಕ್ಕ. ಅಲ್ಲಿ ಎರಡನೇ ಸಲ ಪಕ್ಕಾಸನ್ನ 24ಕ್ಕೆ ಏರಿಸಿದ್ದೆ. ಇನ್ನೊಂದು, ಉಣ್ಣೆ ತುಂಬಿದ ಮೇಲೆ ಹಾಳೆ ಹಾಕುವುದನ್ನ ಮುಂದೂಡಬೇಡಿ. ಬೇಸಿಗೆಯಲ್ಲೇ ಎರಡೂ ಮುಗಿಯಲಿ. ಗೋಡೆಯ ಗಾರೆ ಪೂರ್ತಿ ಒಣಗಿರಬೇಕು, ಮರದ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ತೇವ ಅಳೆಯುವ ಸಣ್ಣ ಯಂತ್ರ ಅಂಗಡಿಯಲ್ಲಿ ಸಿಗುತ್ತದೆ. ಚಿಮಣಿ ಇದ್ದರೆ ಅದರ ಸುತ್ತ ಏನು ಇರಬಹುದು, ಎಷ್ಟು ದೂರ ಇರಬೇಕು ಅಂತ ನಿಮ್ಮ ಊರಿನ ಚಿಮಣಿ ಪರಿಶೀಲಕರನ್ನೇ ಕೇಳಿ, ಅಂದಾಜಿನಲ್ಲಿ ಮಾಡಬೇಡಿ.

ತುಂಗಾತೀರ | 12 ಮಾರ್ಚ್ 2024

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊರಗಿನ ಹಾಳೆಯ ಹೆಸರು ಓದಿದೆ. ಆವಿ ಬಿಡೋದೇ, ಉಣ್ಣೆ ತಾಗಿದ್ರೆ ಪರವಾಗಿಲ್ಲ ಅಂತ ತಯಾರಕರ ಕಾಗದದಲ್ಲೇ ಇದೆ. ಆ ಗೋಣಿಚೀಲದ ವಾಸನೆ ಅಂದಿದ್ದು ಓದಿದ ಮೇಲೆ ತೊಲೆ ಕಾಣಿಸೋ ಆಸೆ ಬಿಟ್ಟೆ. ಮೇಲೆ ಉಳಿಯೋ ಜಾಗದಲ್ಲಿ ಸೂಟ್‌ಕೇಸ್ ಇಡಬಹುದು ಅಂತ ನಮ್ಮ ಮನೆಯವರು ಸಮಾಧಾನ ಹೇಳಿದ್ದಾರೆ.

ಗಾಳಿ ಬೇರೆ, ಆವಿ ಬೇರೆ ಅನ್ನೋದನ್ನ ಅಪ್ಪಯ್ಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಣ್ಣಿನ ಹೂಜಿ ಹಾಗೆ ಅನ್ನು. ನೀರು ಸೋರಲ್ಲ, ಆದ್ರೆ ಮೈ ಬೆವರುತ್ತೆ" ಅಂದ್ರು.

ತುಂಗಾತೀರ | 6 ಅಕ್ಟೋಬರ್ 2024

ಕೆಲಸ ಎಲ್ಲಿಗೆ ಬಂತು ಅಂತ ಹೇಳೋದು ನನ್ನ ಕರ್ತವ್ಯ.

ಜುಲೈ, ಆಗಸ್ಟ್ ಪೂರ್ತಿ ಇದೇ ಆಯ್ತು. 6 ಗುಣಿಸು 8ರ ಪಟ್ಟಿ, 20ರ ಉಣ್ಣೆ, ಹಾಳೆ ತೊಲೆಗಳ ಅಡಿಯಿಂದ. ಎರಡು ತ್ರಿಕೋನ ಗೋಡೆಗೂ ಗಾರೆ ಮಾಡಿಸಿ ಐದು ವಾರ ಒಣಗೋಕೆ ಬಿಟ್ಟೆವು. ಹಾಳೆಯ ಕೆಲಸ ನಾನೂ ನನ್ನ ಗಂಡನೂ ಮಾಡಿದೆವು. ಅಂಟು ಹಾಕೋಕೆ ಮುಂಚೆ ಗೋಡೆ ಅಂಚನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸದಿದ್ರೆ ಅಂಟು ಧೂಳಿಗೆ ಹಿಡಿಯುತ್ತೆ, ಗೋಡೆಗಲ್ಲ. ಮೊದಲ ನಾಲ್ಕು ಮೀಟರ್ ಹಾಗೇ ಕಿತ್ತು ಬಂತು, ಮತ್ತೆ ಮಾಡಿದೆವು.

ಸೆಪ್ಟೆಂಬರ್ 21ಕ್ಕೆ ಬ್ಲೋವರ್ ಡೋರ್. ಅಟ್ಟದ ಮೆಟ್ಟಿಲ ಬಾಗಿಲಿಗೆ ಫ್ಯಾನ್ ಕಟ್ಟಿ ಗಾಳಿ ಹೊರಗೆ ಎಳೆದು ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಮಾಡಿದ್ರು. ಹಾಳೆ ಅಷ್ಟೂ ಹಾಯಿಯ ಹಾಗೆ ಒಳಗೆ ಉಬ್ಬಿತು, ನನಗೆ ಎದೆ ಝಲ್ ಅಂತು. ಅಳೆಯೋರ ಹತ್ತಿರ ಹೊಗೆ ಬಿಡೋ ಪುಟ್ಟ ಸಲಕರಣೆ ಇತ್ತು. ನಾನು ದೇವರ ಗೂಡಿನಿಂದ ಒಂದು ಊದುಬತ್ತಿ ತಂದೆ. ಜೋಡಣೆಗಳ ಮೇಲೆ ಹಿಡಿದ್ರೆ ಹೊಗೆ ನೇರ ಮೇಲೆ ಹೋಗ್ತಿತ್ತು. ಗೋಡೆ ಅಂಚಿನಲ್ಲೂ ಹಾಗೇ. ಉತ್ತರದ ಗೋಡೆ ಹತ್ತಿರ, ಪಕ್ಕಾಸುಗಳನ್ನ ಹೊರೋ ಉದ್ದ ತೊಲೆ ಇಟ್ಟಿಗೆಯೊಳಗೆ ಹೋಗೋ ಕಡೆ ಮಾತ್ರ ಹೊಗೆ ತಟ್ಟನೆ ಅಡ್ಡ ಮಲಗಿತು. ಟೇಪ್ ಸರಿಯಾಗೇ ಇತ್ತು. ಆದ್ರೆ ತೊಲೆಯ ಹೊಟ್ಟೆಯಲ್ಲಿ ಉದ್ದಕ್ಕೆ ಬಿರುಕು, ಒಂದು ರೂಪಾಯಿ ನಾಣ್ಯ ತೂರೋ ಅಷ್ಟು. ಕೋಟೇಶ್ವರದವರೇ, ನೀವು ಹೇಳಿದ ಹಾಗೇ. ಹೊರಗಿನ ಗಾಳಿ ಆ ಬಿರುಕಲ್ಲಿ ಬಂದು ಟೇಪ್ ದಾಟಿದ ಮೇಲೆ ಹೊರಬೀಳ್ತಿತ್ತು. ಟೇಪಿನ ಸಾಲಿನಲ್ಲೇ ಬಿರುಕಿಗೆ ಅಡ್ಡವಾಗಿ ಒಂದು ತೂತು ಕೊರೆದು, ಅದು ತುಂಬಿ ಉಕ್ಕೋ ತನಕ ಟ್ಯೂಬಿನ ಅಂಟು ಒತ್ತಿ, ಮೇಲೆ ಮತ್ತೆ ಟೇಪ್ ಹಾಕಿದೆವು. ಆಮೇಲೆ ಊದುಬತ್ತಿ ಹಿಡಿದ್ರೆ ಹೊಗೆ ಅಲುಗಲಿಲ್ಲ. ದಕ್ಷಿಣದ ತುದಿಯಲ್ಲಿ ಬಿರುಕು ಇರಲಿಲ್ಲ, ಆದ್ರೂ ಅಲ್ಲೂ ಹಾಗೇ ಮಾಡಿದೆವು.

ಬೋರ್ಡ್ ಕೆಲಸ ಮುಂದಿನ ಶನಿವಾರ ಶುರು. ಉತ್ತರದ ತೊಲೆಯ ಹತ್ತಿರ ಒಂದು ಅಂಗೈ ಅಗಲದ ಬೋರ್ಡನ್ನ ಸ್ಕ್ರೂ ಬಿಚ್ಚಿ ತೆಗೆಯೋ ಹಾಗೆ ಬಿಡ್ತೀವಿ. ಫೆಬ್ರವರಿಯಲ್ಲಿ ತೆಗೆದು ನೋಡಿ, ತೊಲೆಯ ತೇವ ಎಷ್ಟಿದೆ ಅಂತ ಅಳೆದು ಇಲ್ಲೇ ಬರೀತೀನಿ.